ಬಣ್ಣ ನಿಲ್ಲುತ್ತಿಲ್ಲ

"ಬೈರೇಶ್ ಅಂದ್ರೆ ಯಾರು?"

ಬಂಗಾರಪೇಟೆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಬಾಗಿಲಲ್ಲಿ ನಿಂತವಳ ಮೂಗಿನ ತುದಿ ಕೆಂಪಾಗಿತ್ತು. ಬಿಸಿಲಿಗೋ ಸಿಟ್ಟಿಗೋ ತಿಳಿಯಲಿಲ್ಲ.

"ನಾನೇ ಮೇಡಂ. ಇಲ್ಲಿ ಗೆಸ್ಟ್ ಲೆಕ್ಚರರ್."

"ನಾನು ರಾಧಾಮಣಿ. ಚಾಂಪಿಯನ್ ರೀಫ್ಸ್ ಲ್ಯಾಬಿಂದ ಬಂದೆ."

ಆ ಹೆಸರು ಬೈರೇಶನಿಗೆ ಚೆನ್ನಾಗಿ ಗೊತ್ತಿತ್ತು. ಪ್ರಯೋಗದ ವಿಧಾನಗಳಿಗೇ ಮೀಸಲಾದ ಆನ್‌ಲೈನ್ ಜರ್ನಲ್ ಒಂದಿದೆ. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಪತ್ತೆ ಹಚ್ಚುವ ಬಗ್ಗೆ ಇವಳ ಮೊದಲ ಲೇಖನ ಅದರಲ್ಲೇ ಬಂದಿತ್ತು, ಜೊತೆಗೊಂದು ವಿಡಿಯೋ. ಅದರಲ್ಲಿ ಮುಖವಿಲ್ಲ, ಗ್ಲೌಸ್ ಹಾಕಿದ ಎರಡು ಕೈ ಮಾತ್ರ. ಅದರ ಕೆಳಗೆ ಇವನು ಕಾಮೆಂಟ್ ಹಾಕಿದ್ದ: 'ಹಾಗೇ ಮಾಡಿದೆ. ಬಣ್ಣ ನಿಲ್ಲುತ್ತಿಲ್ಲ.'

"ಲೋಕಕ್ಕೆಲ್ಲ ಕಾಣೋ ಅಂಗೆ ಬರೆದ್ರಲ್ರೀ! ನನ್ ಮೆಥಡ್ಡೇ ಸುಳ್ಳು ಅಂದ್ಕೊಳಲ್ವಾ ಜನ? ಮಾಡಿ ತೋರಿಸಿ, ನನ್ ಕಣ್ಣೆದುರಿಗೆ."

ಬೈರೇಶ್ ಗ್ಲೌಸ್ ಹಾಕಿಕೊಂಡ. ರಾಸಾಯನಿಕದ ಹನಿ ಬಿದ್ದದ್ದೇ ಫ್ಲಾಸ್ಕಿನ ಬೋರ್‌ವೆಲ್ ನೀರು ಕೆಂಪಾಯಿತು. ಅದನ್ನು ಮೆಲ್ಲಗೆ ಕಿಟಕಿಯತ್ತ ಎತ್ತಿ, ಕಿರುಬೆರಳು ಬಿಡಿಸಿ, ಬಿಸಿಲಿಗೆ ಹಿಡಿದು ನಿಂತ. ನಿಂತೇ ಇದ್ದ. ಕೆಂಪು ಮಾಸಿತು.

"ಅಯ್ಯೋ ಕಡವುಳೇ! ಬಿಸಿಲಿಗ್ಯಾಕೆ ಇಡಿದ್ರಿ?"

"ವಿಡಿಯೋದಲ್ಲಿ ನೀವು ಇಡಿದಿದ್ರಲ್ಲ."

ಅವಳು ತುಟಿ ಕಚ್ಚಿಕೊಂಡಳು. "ನಮ್ ಲ್ಯಾಬ್ ಕಿಟಕೀಲಿ ಬಿಸಿಲು ಬೀಳಲ್ಲ. ಚೆಂದ ಕಾಣ್ಲಿ ಅಂತ ಎತ್ತಿದ್ದೆ ಅಷ್ಟೆ. ಬಿಸಿಲಿಗೆ ಬಣ್ಣ ಓಗುತ್ತೆ ಅಂತ ಬರೀಬೇಕಿತ್ತು. ತಪ್ಪು ನಂದೇ." ಆಮೇಲೆ ಓರೆಗಣ್ಣಲ್ಲಿ ನೋಡಿದಳು. "ಆದ್ರೆ ಕಿಟಕಿ ವಿಷ್ಯ ಲೇಖನದಲ್ಲಿ ಇಲ್ವೇ ಇಲ್ಲ. ಓದ್ಲಿಲ್ವಾ?"

"ಓದೋಕೆ ಆ ಕೈ ಬಿಡ್ಲಿಲ್ಲ."

ಬಾಯಿ ಜಾರಿತ್ತು. ಬೈರೇಶ್ ಕಿವಿಯವರೆಗೂ ಕೆಂಪಾದ. ರಾಧಾಮಣಿ ಹೋಗಿ ಕಿಟಕಿ ಮುಚ್ಚಿ, ಇನ್ನೊಂದು ಫ್ಲಾಸ್ಕ್ ಅವನ ಮುಂದಿಟ್ಟಳು.

ಈ ಸಲ ಬಣ್ಣ ನಿಂತಿತು. ಅವಳ ಮುಖ ಅರಳಿತು. ಮೊಬೈಲ್ ತೆಗೆದು ಅವನ ಕಾಮೆಂಟಿನ ಕೆಳಗೆ ಬರೆದಳು: 'ನೆರಳಲ್ಲಿಡಿ. ಬರೆಯದೇ ಬಿಟ್ಟದ್ದು ನನ್ನ ತಪ್ಪು. ತೋರಿಸಿಕೊಟ್ಟವರಿಗೆ ಕೃತಜ್ಞತೆ.'

ಬ್ಯಾಗು ಹೆಗಲಿಗೇರಿಸಿದಳು. ಈಗ ಬಿಟ್ಟರೆ ಮತ್ತೆ ವಿಡಿಯೋದಲ್ಲೇ ನೋಡಬೇಕು ಎಂದು ಬೈರೇಶನಿಗೆ ದಿಗಿಲಾಯಿತು.

"ಮೇಡಂ, ಬಣ್ಣ ಇಲ್ಲಿ ನಿಂತ್ರೆ ಸಾಲಲ್ಲ. ಬೇರೆ ಲ್ಯಾಬಲ್ಲೂ ನಿಲ್ಬೇಕು, ಆಗ್ಲೇ ನಂಬೋದು."

ಅವಳು ಬಾಗಿಲಲ್ಲಿ ತಿರುಗಿದಳು. "ಶನಿವಾರ ನಮ್ ಲ್ಯಾಬಿಗೆ ಬನ್ನಿ. ಬಿಸಿಲಿಲ್ಲ. ಎಷ್ಟೊತ್ತು ಬೇಕಾದ್ರೂ ನೋಡ್ಬೌದು."

"ಬಣ್ಣಾನಾ?"

"ಅದನ್ನೂ."