ಹಸಿವಿಲ್ಲದವಳ ಪಾಲು

ಸಮತೋಲಕ ಯಂತ್ರದ ಗಂಟೆ ಬಾರಿಸಿದೊಡನೆ ಬಿಸಿಲಕೊಪ್ಪದ ಸಾರ್ವಜನಿಕ ಅಡುಗೆಮನೆಯ ಗೋಡೆಯ ಪರದೆಯ ಮೇಲೆ ಇಡೀ ಊರಿನ ಹಸಿವು ಮೂಡಿತು. ಪೂರ್ವದ ಓಣಿಗಳಲ್ಲಿ ಹಸಿವು ಹೆಚ್ಚು. ಸೌರಫಲಕ ತೊಳೆಯುವ ಪಾಳಿಯವರು ಆಗಲೇ ಎದ್ದಿದ್ದರು. ಕೆರೆಯ ಕಡೆಯ ಮನೆಗಳು ಇನ್ನೂ ನಿದ್ದೆಯಲ್ಲಿದ್ದವು. ಯಂತ್ರ ಸ್ವಲ್ಪ ಯೋಚಿಸಿ, ಹನ್ನೆರಡು ಹಬೆಪಾತ್ರೆಗಳಲ್ಲಿ ಏಳಕ್ಕೆ ಮಾತ್ರ ಶಾಖ ಕೊಟ್ಟಿತು. ಕಣಜದ ಬಾಯಿ ತೆರೆದು ಬೇಕಾದಷ್ಟೇ ಜೋಳದ ಹಿಟ್ಟು ಸುರಿಸಿ ಮುಚ್ಚಿಕೊಂಡಿತು. ಪಾಳಿಯ ಮುಖ್ಯಸ್ಥೆ ದ್ರಾಕ್ಷಾಯಣಿ ಪರದೆ ನೋಡಿ "ಏಳು" ಎಂದಳು. ಅವಳಿಗೆ ಉಳಿದಿದ್ದ ಕೆಲಸ ಇಷ್ಟೇ.

ಮೊದಲು ಹೀಗಿರಲಿಲ್ಲ. ಸೌರ ವಿದ್ಯುತ್ ಕೇಂದ್ರದ ಕೆಲಸಗಾರರಿಗಾಗಿ ಕಟ್ಟಿದ ಈ ಊರಿನ ಮನೆಗಳಲ್ಲಿ ಒಲೆಗಳೇ ಇಲ್ಲ. ಊರಿಗೆಲ್ಲ ಒಂದೇ ಅಡುಗೆಮನೆ. ಇಂದು ಎಷ್ಟು ಜನ ಉಣ್ಣುತ್ತಾರೆ ಎಂದು ದ್ರಾಕ್ಷಾಯಣಿ ಮತ್ತು ಅವಳ ಅಕ್ಕ ಗೌರಕ್ಕ ಬೆಳಗಿನ ಗಾಳಿ ನೋಡಿ, ಸಂಬಳದ ದಿನ ನೋಡಿ, ಹಬ್ಬ ನೋಡಿ ಅಂದಾಜು ಹಾಕುತ್ತಿದ್ದರು. ಅಂದಾಜು ಒಮ್ಮೊಮ್ಮೆ ಕೈಕೊಡುತ್ತಿತ್ತು. ಹೆಚ್ಚು ಮಾಡಿದರೆ ಅನ್ನ ಹಳಸಿ ಗುಂಡಿಗೆ. ಕಡಿಮೆ ಮಾಡಿದರೆ ಖಾಲಿ ತಾಟು ಹಿಡಿದವರ ಬೈಗುಳ. ಬಟ್ಟೆಯ ಕಾರ್ಖಾನೆಯಾದರೆ ಮಿಕ್ಕಿದ್ದನ್ನು ಗೋದಾಮಿನಲ್ಲಿಟ್ಟು ನಾಳೆ ಮಾರಬಹುದು. ಬಿಸಿ ರೊಟ್ಟಿಯನ್ನು ಯಾವ ಗೋದಾಮಿನಲ್ಲಿ ಇಡುವುದು?

ಈ ತಲೆನೋವನ್ನು ನೀಗಿಸಲು ಬಂದವರು ಕರಾವಳಿಯ ವಿಜ್ಞಾನಿ ಡಾ. ಕೊಡಂಚ. ಪ್ರತಿಯೊಬ್ಬರ ಮಣಿಕಟ್ಟಿಗೆ ಹಸಿವುಮಾಪಕ ಎಂಬ ತೆಳ್ಳನೆಯ ಪಟ್ಟಿ ಕಟ್ಟಿಸಿದರು. ಹೊಟ್ಟೆ ಹಸಿದಾಗ ರಕ್ತದಲ್ಲಿ ಏರುವ ರಸವನ್ನು ಅದು ಚರ್ಮದ ಮೂಲಕವೇ ಅಳೆದು ಸಮತೋಲಕಕ್ಕೆ ತಿಳಿಸುತ್ತಿತ್ತು. ಯಾರ ಹಸಿವು ಎಷ್ಟೋ ಅವರ ತಾಟಿನಲ್ಲಿ ಅಷ್ಟೇ ಊಟ. ಒಂದು ಹೊತ್ತು ಬೇಡವೆನಿಸಿದರೆ ಪಟ್ಟಿಯ ಮೇಲಿನ ಗುಂಡಿ ಒತ್ತಿದರಾಯಿತು, ಆ ಹೊತ್ತಿನ ತಾಟು ತಯಾರಾಗುವುದಿಲ್ಲ.

"ಮಂದಿ ಬಾಯಿಲೆ ಹೇಳಿದ್ರ ಸಾಲದೇನ್ರೀ ಸರ?" ಎಂದು ಗೌರಕ್ಕ ಅಂದು ಕೇಳಿದ್ದಳು.

"ಬಾಯಿ ಸುಳ್ಳು ಹೇಳುತ್ತದೆ. ಎರಡು ರೊಟ್ಟಿ ಬೇಕೆಂದು ಒಂದನ್ನು ಬಿಸಾಡುತ್ತದೆ. ಹೊಟ್ಟೆ ಸುಳ್ಳು ಹೇಳುವುದಿಲ್ಲ" ಎಂದಿದ್ದರು ಕೊಡಂಚ.

ಮಾತು ನಿಜವಾಯಿತು. ಹಳಸಿದ ಅನ್ನದ ಗುಂಡಿಯಲ್ಲಿ ಹುಲ್ಲು ಬೆಳೆಯಿತು. ಕೊಡಂಚರು ದಿನಕ್ಕೊಮ್ಮೆ ಹೋಗಿ ಆ ಹುಲ್ಲನ್ನು ಸ್ವಂತ ಮಗುವನ್ನು ನೋಡುವಂತೆ ನೋಡಿ ಬರುತ್ತಿದ್ದರು.

ಬೇಸಿಗೆಯಲ್ಲಿ ಗೌರಕ್ಕ ತೀರಿಕೊಂಡಳು. ಹಬೆಪಾತ್ರೆಯ ಪಕ್ಕದಲ್ಲೇ ಕುಸಿದವಳು ಮತ್ತೆ ಏಳಲಿಲ್ಲ. ಮದುವೆಯಾಗದ ಇಬ್ಬರು ಅಕ್ಕತಂಗಿಯರ ಮನೆಯಲ್ಲಿ ಒಬ್ಬಳು ಉಳಿದಳು. ದ್ರಾಕ್ಷಾಯಣಿ ಅಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನವೇ ಪಾಳಿಗೆ ಹಾಜರಾಗಿ "ಎಂಟು" ಎಂದಳು. ನೋಡಿದವರು ಗಟ್ಟಿ ಹೆಂಗಸು ಎಂದರು. ಅವಳೇನೂ ಗಟ್ಟಿಯಾಗಿರಲಿಲ್ಲ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಬಿಸಿ ಪಾತ್ರೆ ಮುಟ್ಟಿದರೆ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು, ಸುಟ್ಟಿತೆಂದು ಅವಳಿಗೆ ಆಮೇಲೆ ತಿಳಿಯುತ್ತಿತ್ತು.

ಪಟ್ಟಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಅವಳ ತಾಟಿನಲ್ಲಿ ಎರಡು ರೊಟ್ಟಿ ಇದ್ದದ್ದು ಒಂದಾಯಿತು, ಅರ್ಧವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ತಾಟೇ ಬರಲಿಲ್ಲ.

"ಯಾಕ ದ್ರಾಕ್ಷಾ, ನಿನ್ನ ತಾಟ ಎಲ್ಲಿ?" ಎಂದು ಪಕ್ಕದಲ್ಲಿ ಉಣ್ಣುತ್ತಿದ್ದ ಹಸೀನಾ ಕೇಳಿದಳು. ರೊಟ್ಟಿ ಯಂತ್ರದ ಹಸೀನಾ ಗೌರಕ್ಕನ ಕೈಕೆಳಗೆ ಕೆಲಸ ಕಲಿತವಳು.

"ಬರಲಿಲ್ಲ. ನಂಗ ಹಸಿವಿಲ್ಲಲ್ಲ."

"ಹಸಿವಿಲ್ಲಂದ್ರ ಹೊಟ್ಟಿಗೆ ಏನೂ ಬ್ಯಾಡೇನು?"

ದ್ರಾಕ್ಷಾಯಣಿ ಚಹಾ ಕುಡಿದಳು. ಆ ದಿನದಿಂದ ಅವಳ ಊಟ ಅದೇ ಆಯಿತು.

ಹಿರಿಯರ ಹಬ್ಬ ಹತ್ತಿರವಾಯಿತು. ತೀರಿಕೊಂಡವರಿಗೆ ಅವರಿಷ್ಟದ ಅಡುಗೆಯ ಎಡೆ ಇಟ್ಟು, ಒಂದು ಪಾಲನ್ನು ಮಾಳಿಗೆಯ ಮೇಲೆ ಕಾಗೆಗೆ ಬಿಡುವ ದಿನ. ಗೌರಕ್ಕನಿಗೆ ಇದು ಮೊದಲ ಎಡೆ. ಅದು ತಪ್ಪಿದರೆ ಅಕ್ಕ ಉಪವಾಸ ಉಳಿದಂತೆ. ನಾಲ್ಕು ತಿಂಗಳಲ್ಲಿ ದ್ರಾಕ್ಷಾಯಣಿಗೆ ಬೇಕೆನಿಸಿದ್ದು ಇದೊಂದೇ. ಅವಳು ಕೊಡಂಚರ ಬಳಿ ಹೋದಳು.

"ಒಂದು ತಾಟ ಹೆಚ್ಚಿಗಿ ಬೇಕ್ರೀ ಸರ. ಅಕ್ಕಗ."

ಕೊಡಂಚರು ಕನ್ನಡಕ ತೆಗೆದರು. ಕೆಟ್ಟ ಮನುಷ್ಯರಲ್ಲ ಅವರು. "ಹಿಂದಿನ ವರ್ಷಗಳಲ್ಲಿ ಅತಿ ಹೆಚ್ಚು ಅನ್ನ ಹಾಳಾದದ್ದು ಯಾವ ದಿನ ಗೊತ್ತೇ? ಈ ಹಬ್ಬದ ದಿನ. ಮನೆಗೊಂದು ತಾಟು ಹೆಚ್ಚು! ನಾನು ಕೊಡಬಾರದೆಂದಲ್ಲ. ಕಣಜದ ಬೀಗ ನನ್ನ ಕೈಯಲ್ಲೂ ಇಲ್ಲ. ಹಸಿವು ಕಂಡರೆ ಮಾತ್ರ ಅದು ತೆರೆಯುತ್ತದೆ. ಸತ್ತವರ ಹಸಿವನ್ನು ಅಳೆಯುವುದು ಹೇಗೆ ಹೇಳಿ?"

"ಹಂಗಾರ ನಾನು ಹಸಿದ್ರ?"

"ನೀವು ಹಸಿದರೆ ಖಂಡಿತ ಬರುತ್ತದೆ."

ಅಂದಿನಿಂದ ದ್ರಾಕ್ಷಾಯಣಿ ಹಸಿಯಲು ಹೊರಟಳು. ಪಾಳಿ ಮುಗಿಸಿ ಗುಡ್ಡ ಹತ್ತಿ ಇಳಿದಳು. ಚಹಾ ಬಿಟ್ಟಳು. ಶೇಂಗಾ ಹುರಿಯುವ ಬಾಣಲೆಯ ಮೇಲೆ ಮುಖವಿಟ್ಟು ನಿಂತಳು. ಊರೆಲ್ಲ ಬೇಡವೆಂದರೂ ಬರುವ ಹಸಿವು ಅವಳು ಕರೆದರೂ ಬರಲಿಲ್ಲ. ಪರದೆಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ ಅಲುಗಾಡದೆ ಕುಳಿತಿತ್ತು.

ಹಬ್ಬದ ಬೆಳಿಗ್ಗೆ ಯಂತ್ರ ಎರಡೇ ಪಾತ್ರೆಗಳಿಗೆ ಶಾಖ ಕೊಟ್ಟಿತು. ಎಡೆಯಾಗುವವರೆಗೆ ಬಾಯಿಗೆ ಏನೂ ಹಾಕದ ಪದ್ಧತಿಯಾದ್ದರಿಂದ ಊರಿನ ಹೆಚ್ಚಿನವರು ಬೆಳಗಿನ ತಾಟು ಬೇಡವೆಂದು ಗುಂಡಿ ಒತ್ತಿದ್ದರು. ಮಧ್ಯಾಹ್ನ ಹಸಿವು ಉಕ್ಕಿ ಬಂತು. ಹನ್ನೆರಡು ಪಾತ್ರೆಗಳೂ ಒಟ್ಟಿಗೆ ಕುದಿದವು, ತಾಟುಗಳು ತುಂಬಿ ಹೋದವು. ಹಸಿದವರ ತಾಟಿನಿಂದ ಹಿರಿಯರ ಪಾಲೂ ಹೊರಟಿತು. ಯಂತ್ರದ ಲೆಕ್ಕ ಸರಿಯಾಗಿಯೇ ಇತ್ತು. ಕೊಡಂಚರು ಬೆರಗಾಗಿ ನಿಂತರು.

ದ್ರಾಕ್ಷಾಯಣಿಯ ತಾಟು ಬರಲಿಲ್ಲ. ಅವಳು ಬರಿಗೈಯಲ್ಲಿ ಮನೆಗೆ ಹೋಗಿ, ಅಕ್ಕನ ಚಿತ್ರದ ಮುಂದೆ ಬಾಳೆ ಎಲೆ ಹಾಸಿ ಕುಳಿತಳು. ಎಲೆಯ ಮೇಲೆ ಏನೂ ಇರಲಿಲ್ಲ.

ಬಾಗಿಲಲ್ಲಿ ಹಸೀನಾ ನಿಂತಿದ್ದಳು, ಕೈಯಲ್ಲಿ ತಾಟು. "ಮುಂಜಾನಿಂದ ಏನೂ ತಿಂದಿಲ್ಲ ನಾನೂ. ಇದರಾಗ ಅರ್ಧ ಗೌರಕ್ಕಂದು." ಅವಳ ಹಿಂದೆ ಅದೇ ಪಾಳಿಯ ಪದ್ದಕ್ಕ ಬಂದಳು. ಅವಳ ಹಿಂದೆ ಪಾಳಿಯಲ್ಲೇ ಹಿರಿಯಳಾದ, ಸಕ್ಕರೆ ಕಾಯಿಲೆಯ ಯಂಕವ್ವ. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇಡೀ ಪಾಳಿ ಹಸಿದಿತ್ತು. ಪುಂಡಿಪಲ್ಯ, ರೊಟ್ಟಿ, ಹೋಳಿಗೆ ಸೇರಿ ಎಲೆ ಸಾಲದೆ ಇನ್ನೊಂದು ಹಾಸಿದರು. ಕಾಗೆಗೆ ಇಟ್ಟು ಬಂದರು. ಆಮೇಲೆ ಎಲ್ಲರೂ ಕುಳಿತು ದ್ರಾಕ್ಷಾಯಣಿಯ ಮುಖ ನೋಡಿದರು. ಎಡೆ ಇಟ್ಟವರು ಮೊದಲ ತುತ್ತು ತಿನ್ನುವವರೆಗೆ ಆ ಎಡೆಯ ಮುಂದೆ ಕುಳಿತವರು ನೀರೂ ಕುಡಿಯುವಂತಿಲ್ಲ ಎಂಬುದು ಆ ಊರಿನ ಕಟ್ಟಳೆ.

ಅವಳು ತುತ್ತು ಮುರಿದು ಬಾಯಿಗಿಟ್ಟಳು. ಬಟ್ಟೆ ಅಗಿದಂತಾಯಿತು. ಎದುರಿಗೆ ಕುಳಿತವರ ಹಸಿವು ನೋಡಿ ನುಂಗಿದಳು.

ಹಬ್ಬ ಮುಗಿದರೂ ಹಸೀನಾ ದಿನಾ ಮಧ್ಯಾಹ್ನ ಅವಳ ಮುಂದೆ ಒಂದು ರೊಟ್ಟಿ ಪಲ್ಯ ಇಡತೊಡಗಿದಳು. "ಹೆಚ್ಚಿಗಿ ಆಗೇತಿ, ತಿನ್ನು" ಎನ್ನುತ್ತಿದ್ದಳು. ದ್ರಾಕ್ಷಾಯಣಿ ತಿನ್ನುತ್ತಿದ್ದಳು. ಹಿಡಿ ಹಿಟ್ಟೂ ಹೆಚ್ಚಾಗದ ಅಡುಗೆಮನೆಯಲ್ಲಿ ರೊಟ್ಟಿ ಹೇಗೆ ಹೆಚ್ಚಾಯಿತು ಎಂದು ಅಲ್ಲಿನ ಮುಖ್ಯಸ್ಥೆಗೆ ಹೊಳೆಯಲೇ ಇಲ್ಲ. ಅವಳ ತಲೆಯೂ ಹೊಟ್ಟೆಯಂತೆಯೇ ಮಲಗಿತ್ತು.

ಹೊಳೆಸಿದವರು ಕೊಡಂಚರೇ. ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ ಅವಳನ್ನು ಪರದೆಯ ಮುಂದೆ ಕರೆದರು.

"ನಿಮ್ಮ ಪಾಳಿಯಲ್ಲಿ ಏನೋ ಕಾಯಿಲೆ ಹಬ್ಬಿದೆ. ನೋಡಿ, ದಿನಕ್ಕೊಬ್ಬರಂತೆ ಬೆಳಗಿನ ತಾಟು ಬೇಡವೆನ್ನುತ್ತಾರೆ, ಮಧ್ಯಾಹ್ನ ಅವರ ಹಸಿವು ಇಮ್ಮಡಿಯಾಗುತ್ತದೆ. ಮೊನ್ನೆ ಹಸೀನಾ, ನಿನ್ನೆ ಪದ್ದಕ್ಕ. ಹಬ್ಬದಿಂದ ಈಚೆಗೆ ಒಂದು ದಿನವೂ ತಪ್ಪಿಲ್ಲ. ಹೊಟ್ಟೆಯ ಹುಳು ಇರಬಹುದೇ?"

"ಇವತ್ತು ಯಾರ್ರೀ?"

"ಯಂಕವ್ವ. ನೋಡಿ, ಗೆರೆ ಎಷ್ಟು ಮೇಲೇರಿದೆ."

ದ್ರಾಕ್ಷಾಯಣಿ ತಿರುಗಿ ನೋಡಿದಳು. ಯಂಕವ್ವ ಹಬೆಪಾತ್ರೆಯ ಕಂಬ ಹಿಡಿದು ನಿಂತಿದ್ದಳು, ಹಣೆಯ ತುಂಬ ಬೆವರು. ಗೌರಕ್ಕ ಬಿದ್ದದ್ದು ಅದೇ ಕಂಬದ ಬುಡದಲ್ಲಿ.

ಅವಳು ಓಡಿದಳು. "ಏ ಮುದುಕಿ, ಸಕ್ಕರಿ ಬ್ಯಾನಿ ಇಟ್ಕೊಂಡು ಉಪಾಸ ಇರಾಕ ಯಾರ ಹೇಳ್ಯಾರ ನಿನಗ?"

"ನೀ ಉಣ್ಣಬೇಕಲ್ಲವ್ವ."

"ನಂಗ ಹಸಿವಿಲ್ಲ!"

"ಅದಕ್ಕ ನಾವು ಹಸದೀವಿ" ಎಂದಳು ಯಂಕವ್ವ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ದ್ರಾಕ್ಷಾಯಣಿಗೆ ಸಿಟ್ಟು ಬಂತು. ಎಲ್ಲಿತ್ತೋ ಏನೋ, ಪಾದದಿಂದ ನೆತ್ತಿಯವರೆಗೆ ಬಂತು. ಕೈಗೆ ಸಿಕ್ಕ ಸೌಟನ್ನು ಗೋಡೆಗೆ ಎಸೆದಳು. ಯಂಕವ್ವನನ್ನು ಎಳೆದು ಕೂರಿಸಿ, ಬಾಯಿಗೆ ಬೆಲ್ಲ ತುರುಕಿದಳು. ಹಸೀನಾಳನ್ನು ಬೈದಳು, ಪದ್ದಕ್ಕನನ್ನು ಬೈದಳು. ಯಾರಿಗೂ ಹೇಳದೆ ಕೇಳದೆ ಹೋಗಿಬಿಟ್ಟ ಗೌರಕ್ಕನನ್ನೂ ಬಾಯಿಗೆ ಬಂದಂತೆ ಬೈದಳು. ನಡುವೆ ಅವಳ ಕಣ್ಣೀರು ಧಾರಾಕಾರವಾಗಿ ಇಳಿಯಿತು. ಕೊಡಂಚರು ಏನು ಮಾಡಬೇಕೆಂದು ತಿಳಿಯದೆ ಪರದೆಯನ್ನೇ ನೋಡುತ್ತಾ ನಿಂತರು.

ಗಂಟೆ ಬಾರಿಸಿ, ಯಂಕವ್ವನ ದೊಡ್ಡ ತಾಟು ಬಂತು. ದ್ರಾಕ್ಷಾಯಣಿ ಕುಕ್ಕರಗಾಲಿನಲ್ಲಿ ಕುಳಿತು ರೊಟ್ಟಿ ಮುರಿದು ಮೊದಲು ಮುದುಕಿಗೆ ತಿನ್ನಿಸಿದಳು. "ನಾಳಿಂದ ಯಾರರ ಗುಂಡಿ ಒತ್ತಿದ್ರ ನನ್ನಂಥಾ ಕೆಟ್ಟಾಕಿ ಇಲ್ಲ" ಎಂದು ಗದರುತ್ತ, ಅಳುತ್ತಲೇ, ತಾನೂ ಒಂದು ದೊಡ್ಡ ತುತ್ತನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಮುಖ ಕಿವುಚಿದಳು.

"ಪಲ್ಯಾ ಯಾರ್ ಮಾಡೀರಿ? ಉಪ್ಪ ಕಡಿಮಿ ಆಗೇತಿ."

ಹಸೀನಾ ಉಪ್ಪು ತರಲು ಓಡಿದಳು.