ಏಳನೇ ಹಾಡಿಗೆ ಒಂದು ವೋಟು

“ಪಕ್ಕದ ದೇಶಕ್ಕೆ ವೋಟು ಹಾಕಿದೋರ ತಲೆ ನನ್ನ ಕತ್ತರಿ ಮುಟ್ಟಲ್ಲ. ಜಡೆ ಹೆಣ್ಕೊಂಡು ಓಡಾಡ್ಲಿ,” ಎಂದು ಗಿರಗಿಟ್ಲೆಯ ಅಪ್ಪ ತನ್ನ ಸೆಲೂನಿನ ನಡುವೆ ನಿಂತು ಸಾರಿದ. ಅವನ ದನಿಗೆ ಏಳು ಬೀದಿ ಆಚೆ ಮಲಗಿದ್ದ ನಾಯಿಯೂ ಎದ್ದು ಕೂತು, ಆಯ್ತು ಯಜಮಾನ್ರೇ ಎಂದಿತಂತೆ.

ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಪೋಸ್ಟ್‌ಮ್ಯಾನ್ ಮಾಮ ತಲೆಯಾಡಿಸಲೂ ಹೆದರಿದ. ಗಲ್ಲದ ಮೇಲೆ ರೇಜರ್ ಇತ್ತಲ್ಲ.

ಟಿವಿಯಲ್ಲಿ ಹದಿನಾರು ದೇಶಗಳ ಹಾಡಿನ ಸ್ಪರ್ಧೆಯ ಫೈನಲ್. ಒಂದು ಫೋನಿಗೆ ಒಂದೇ ವೋಟು, ಫೋನು ಯಾವ ದೇಶದ್ದೋ ಆ ದೇಶದ ಹಾಡಿಗೆ ಹಾಕೋ ಹಾಗಿಲ್ಲ. ಹೋದ ವರ್ಷ ಪಕ್ಕದ ದೇಶದವರು ನಮ್ಮ ಹಾಡಿಗೆ ಕೊಟ್ಟಿದ್ದು ಸೊನ್ನೆ. ಆ ಸೊನ್ನೆಯನ್ನು ಅಪ್ಪ ವರ್ಷವಿಡೀ ಸಾಕಿ ಸಲಹಿದ್ದ. ಈಗ ಅದು ಲಾರಿಯ ಚಕ್ರದಷ್ಟು ಬೆಳೆದಿತ್ತು.

ಮೂಲೆಯ ಸ್ಟೂಲಿನಲ್ಲಿ ಅವನ ಮಗಳು, ಹತ್ತು ವರ್ಷದ ಗಿರಗಿಟ್ಲೆ, ಎಂದೂ ಇಲ್ಲದಂತೆ ಸುಮ್ಮನೆ ಕೂತಿದ್ದಳು. ಎದುರು ಅಂಗಡಿಯ ಟೈಲರ್ ಆಂಟಿ ಪಕ್ಕದ ದೇಶದಿಂದ ಬಂದವರು. ಅವರ ಮಗಳು ಬಟನ್, ಗಿರಗಿಟ್ಲೆಯ ಜೀವದ ಗೆಳತಿ. ಇಡೀ ಬೀದಿಯಿಂದ ತಮ್ಮ ಹಾಡಿಗೆ ಬೀಳೋದು ತನ್ನಮ್ಮನದೊಂದೇ ವೋಟು ಎಂದು ಬಟನ್ ಬೆಳಿಗ್ಗೆ ಮುಖ ಚಿಕ್ಕದು ಮಾಡಿದ್ದಳು.

“ನಮ್ಮನೇದು ಒಂದು ಗ್ಯಾರಂಟಿ ಕಣೇ,” ಎಂದು ಗಿರಗಿಟ್ಲೆ ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಟ್ಟಿದ್ದಳು. ಆದರೆ ಅಮ್ಮನ ಫೋನು ಅಮ್ಮನ ಜೊತೆ ಆಸ್ಪತ್ರೆ ಡ್ಯೂಟಿಗೆ ಹೋಗಿತ್ತು. ಉಳಿದಿದ್ದು ಅಪ್ಪನದು.

ಏಳನೇ ಹಾಡು ಪಕ್ಕದ ದೇಶದ್ದು. ಒಬ್ಬಳೇ ಹುಡುಗಿ ನಿಂತು ಹಾಡಿದಳು. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಫ್ಯಾನು ತಿರುಗುವುದನ್ನೇ ಮರೆಯಿತು, ಪೋಸ್ಟ್‌ಮ್ಯಾನ್ ಮಾಮನ ನೊರೆ ಒಣಗಿ ಸುಣ್ಣವಾಯಿತು.

ಎಣ್ಣೆ ಕಾಣದ ಬಾಗಿಲೂ ಇದಕ್ಕಿಂತ ಚೆನ್ನಾಗಿ ಹಾಡುತ್ತೆ ಎಂದ ಅಪ್ಪ. ಬೇರೆ ಹಾಡಿಗೆಲ್ಲ ಸೌಂಡ್ ಇಳಿಸಿದವನು ಇದಕ್ಕೆ ಮಾತ್ರ ಮರೆತಿದ್ದ.

ಹಾಡುಗಳೆಲ್ಲ ಮುಗಿದು ವೋಟಿಂಗ್ ಶುರುವಾಯಿತು. ಅಪ್ಪ ಟವೆಲ್ ತರುತ್ತೇನೆಂದು ಒಳಗೆ ಹೋದ. ಬಂದಾಗ ಕೈಯಲ್ಲಿ ಟವೆಲ್ ಇರಲಿಲ್ಲ. ಫೋನನ್ನು ಕನ್ನಡಿಯ ಕೆಳಗಿಟ್ಟು ಮತ್ತೆ ರೇಜರ್ ಹಿಡಿದ.

“ಟವೆಲ್ ನಾನು ತರ್ತೀನಪ್ಪ,” ಎಂದು ಗಿರಗಿಟ್ಲೆ ಎದ್ದಳು. ಹೋಗುವಾಗ ಫೋನೂ ಅವಳ ಜೊತೆ ಹೋಯಿತು. ಎದೆ ಹೊಡೆದುಕೊಳ್ಳುವ ಸದ್ದಿಗೆ ಒಳಗಿನ ಬಾಟಲಿಗಳೆಲ್ಲ ಗಡಗಡ ನಡುಗಿದವು. ಏಳು ಒತ್ತಿ ಕಳಿಸಿದಳು. ಮೆಸೇಜ್ ಬಂತು:

‘ಈ ಫೋನಿನ ವೋಟು ಆಗಲೇ ಬಂದಿದೆ. ಹಾಡು: 7. ಧನ್ಯವಾದ.’

ಮೂರು ಸಲ ಓದಿದಳು. ಫೋನನ್ನು ತಲೆಕೆಳಗು ಮಾಡಿಯೂ ಓದಿದಳು. ಏಳು ಏಳೇ ಆಗಿತ್ತು.

ಟವೆಲ್ ತಂದುಕೊಟ್ಟು, ಫೋನನ್ನು ಇದ್ದಲ್ಲೇ ಇಟ್ಟಳು. ಬಾಗಿಲಲ್ಲಿ ಬಟನ್ ಇಣುಕಿ, ಬಿತ್ತಾ ಎಂದು ಹುಬ್ಬಿನಲ್ಲೇ ಕೇಳಿದಳು. ಬಿತ್ತು ಎಂದು ಗಿರಗಿಟ್ಲೆ ಗೋಣು ಹಾಕಿದಳು.

“ನೋಡ್ತಿರಿ, ನಮ್ಮ ಅಂಗಡಿಯಿಂದ ಅವರಿಗೆ ಒಂದೇ ಒಂದು ವೋಟು ಹೋಗಿರಲ್ಲ,” ಎಂದು ಅಪ್ಪ ಮತ್ತೆ ಸಾರಿದ. “ಅಲ್ವಾ ಪುಟ್ಟಿ?”

ಮಾತು ಗಿರಗಿಟ್ಲೆಯ ನಾಲಿಗೆ ತುದಿವರೆಗೂ ಬಂತು. ಕನ್ನಡಿಯಲ್ಲಿ ಅಪ್ಪನ ಕಿವಿಗಳು ಟೊಮೇಟೊ ಹಣ್ಣಾಗಿದ್ದವು.

“ಹೂಂ ಅಪ್ಪ. ನಮ್ಮಲ್ಲಿ ಯಾರು ಹಾಕ್ತಾರೆ,” ಎಂದಳು, ಅಪ್ಪನಷ್ಟೇ ಗಟ್ಟಿಯಾಗಿ.

ರೇಜರ್ ಒಂದು ಗಳಿಗೆ ನಿಂತಿತು. ಅಪ್ಪ ಯಾರ ಮುಖವನ್ನೂ ನೋಡದೆ ಹೇಳಿದ: “ಆ ಮಗು ಯಾಕೆ ಹೊಸ್ತಿಲಲ್ಲೇ ನಿಂತಿದೆ? ಒಳಗೆ ಕರಿ. ಅವಳಮ್ಮನಿಗೂ ಬರೋಕೆ ಹೇಳು. ರಿಸಲ್ಟ್ ಒಟ್ಟಿಗೇ ನೋಡೋಣ.”

ಗಿರಗಿಟ್ಲೆ ಸರಿದು ಕೂತು, ಸ್ಟೂಲಿನಲ್ಲಿ ಅರ್ಧ ಜಾಗ ಬಿಟ್ಟಳು.