ಗುಲಾಬಿ ಹರಳಿನ ಗೆರೆ

೨೦೧೧ರ ಫೆಬ್ರವರಿ ೯, ಬುಧವಾರ. ಡೊಂಬಿವಲಿ ಠಾಣೆಗೆ ಜಯಲತಾ ಶೆಟ್ಟಿ ದೂರು ತಂದರು. ಭಾನುವಾರ ಮಗಳು ದಿಶಾಳ ಮದುವೆ.

"ಉಂಗುರ ನಮ್ಮದೇ ಸರ್, ವಜ್ರ ಬೇರೆ. ನಮ್ಮ ಅತ್ತೆಯವರದ್ದು ತೆಳು ಗುಲಾಬಿ. ಇದು ನೀರಿನ ಹಾಗೆ ಬಿಳಿ ಉಂಟು."

"ಉಂಗುರ ಹೊರಗೆ ಹೋಗಿತ್ತಾ?" ಇನ್‌ಸ್ಪೆಕ್ಟರ್ ಪೃಥ್ವಿರಾಜ್ ಕೇಳಿದರು.

"ದಿಶಾಳ ಬೆರಳಿಗೆ ಬಿಗಿಯಾಗ್ತಿತ್ತು. ನನ್ನ ತಮ್ಮ ಕುಶಲ ಅಕ್ಕಸಾಲಿ ವಾಸುವಿನ ಅಂಗಡಿಗೆ ಕೊಂಡುಹೋಗಿದ್ದ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮಹಾಪೆಯ ಪ್ರಯೋಗಾಲಯದಲ್ಲಿ ರತ್ನತಜ್ಞೆ ಅನಸೂಯ ಉಂಗುರ ಪರೀಕ್ಷಿಸಿದರು.

"ಇದು ಅಸಲಿ ವಜ್ರಾನೇ. ಒಳ್ಳೆ ಬೆಲೆಯದು."

ಹೆಡ್ ಕಾನ್‌ಸ್ಟೇಬಲ್ ಲೀಲಾಧರನಿಗೆ ನಗು ಬಂತು. "ಕದ್ದವನು ಅಸಲಿ ಇಟ್ಟು ಹೋಗ್ತಾನಾ ಸಾಹೇಬ್ರೆ?"

"ಹಳೇದು ಸಿಕ್ರೆ ತನ್ನಿ," ಎಂದರು ಅನಸೂಯ. "ಗುಲಾಬಿ ವಜ್ರದೊಳಗೆ ಸಾಮಾನ್ಯವಾಗಿ ಗೆರೆಗಳಿರುತ್ತೆ. ಭೂಮಿಯ ಆಳದಲ್ಲಿ ಒತ್ತಡಕ್ಕೆ ಹರಳಿನ ಪದರಗಳು ಚೂರೇ ಚೂರು ಜಾರುತ್ತೆ. ನಾವು ಅದನ್ನ ದೋಷ ಅಂತೀವಿ. ಆದ್ರೆ ಆ ಬಣ್ಣ ಬರೋದೇ ಅದರಿಂದ."

ಗುರುವಾರ ವಾಸು ಹೇಳಿಕೆ ಕೊಟ್ಟ. "ಬಿಳಿ ಹರಳು ತಂದದ್ದು ಕುಶಲಣ್ಣನೇ. ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು ಅಂದ್ರು. ಹಳೆಯದನ್ನು ಅವರೇ ಕೊಂಡುಹೋದ್ರು."

ಕಲ್ಯಾಣದ ತನ್ನ ಹೋಟೆಲಿನಲ್ಲಿ ಕುಶಲ ಗುಲಾಬಿ ಹರಳನ್ನು ತಾನೇ ತೆಗೆದುಕೊಟ್ಟ. ಪಂಚನಾಮೆ ಮುಗಿಸಿ ಅವನನ್ನು ಬಂಧಿಸಿದರು.

"ಯಾಕೆ ಬದಲಾಯಿಸಿದ್ದು?" ಪೃಥ್ವಿರಾಜ್ ಕೇಳಿದರು.

"ವಾಸುವಿನ ಭೂತಗನ್ನಡಿಯಲ್ಲಿ ಗೆರೆ ಕಂಡಿತು ಸರ್. ದೋಷದ ವಜ್ರ ಹಾಕಿಕೊಂಡು ನಮ್ಮ ಹುಡುಗಿ ಮಂಟಪ ಹತ್ತುವುದಾ? ಅಕ್ಕನಿಗೆ ಹೇಳಿದರೆ ಕೇಳುವವಳಲ್ಲ."

ಕುಶಲನ ಹೆಂಡತಿ ಪ್ರಣೀತಾ ಮದುವೆಯಾದ ವರ್ಷವೇ ಜ್ವರ ಬಂದು ತೀರಿಕೊಂಡಿದ್ದಳು. ಅವಳ ಮೂಗುತಿಯ ಹರಳಿನಲ್ಲಿ ಬಿರುಕಿತ್ತು, ಅದೇ ಮುಳುವಾಯಿತು ಎಂದು ನೆಂಟರು ಆಡಿದ ಮಾತು ಅವನನ್ನು ಬಿಟ್ಟಿರಲಿಲ್ಲ.

ಸಂಜೆ ಅನಸೂಯ ಠಾಣೆಗೇ ಬಂದು ಹರಳನ್ನು ಗುರುತಿಸಿದರು. ಗೆರೆ ಹುಟ್ಟಿದ ಬಗೆಯನ್ನು ಕುಶಲನಿಗೂ ವಿವರಿಸಿದರು. ಅವನು ಮೆಲ್ಲಗೆ ಕೇಳಿದ.

"ಹಾಗಾದರೆ ಪ್ರಣೀತಾಳ ಹರಳಿನದ್ದೂ ತಪ್ಪಿರಲಿಲ್ಲವಾ ಮೇಡಂ?"

"ಇಲ್ಲಪ್ಪಾ. ಕಲ್ಲು ಯಾರಿಗೂ ಏನೂ ಮಾಡಲ್ಲ."

ಅಷ್ಟರಲ್ಲಿ ಮೆಹಂದಿ ಕೈಯಲ್ಲೇ ದಿಶಾ ಓಡಿಬಂದಳು. "ಮಾಮಾ, ಪಾಗಲ್ ಹೋ ಕ್ಯಾ? ಪಿಂಕ್ ಹೀ ತೋ ಚಾಹಿಯೇ ಮುಝೆ!" ಇನ್‌ಸ್ಪೆಕ್ಟರ್ ಕಡೆ ತಿರುಗಿ ಕನ್ನಡದಲ್ಲಿ ತಡವರಿಸಿದಳು. "ಸರ್, ಮಾಮನಿಗೆ ಹುಚ್ಚು, ನನಗೆ ಆ ಗುಲಾಬಿಯದ್ದೇ ಬೇಕು. ಆದ್ರೆ ಸೋದರಮಾವ ಇಲ್ಲದೆ ನಾನು ಮಂಟಪಕ್ಕೆ ಹೋಗುವುದಿಲ್ಲ."

ಶುಕ್ರವಾರ ಕಲ್ಯಾಣದ ನ್ಯಾಯಾಲಯದಲ್ಲಿ ಜಯಲತಾ ತಮ್ಮನಿಗೆ ತಾವೇ ಜಾಮೀನು ನಿಂತರು, ಮುಚ್ಚಳಿಕೆ ಬರೆದುಕೊಟ್ಟು ಉಂಗುರವನ್ನೂ ಹರಳನ್ನೂ ಬಿಡಿಸಿಕೊಂಡರು. ದಾರಿಯುದ್ದಕ್ಕೂ ಬೈದರು, ನಡುನಡುವೆ ನಕ್ಕರು.

ಭಾನುವಾರ ಕುಶಲ ಸೋದರಸೊಸೆಯ ಕೈ ಹಿಡಿದು ಮಂಟಪಕ್ಕೆ ಕರೆತಂದ. ವಾಸು ಮತ್ತೆ ಕೂರಿಸಿಕೊಟ್ಟ ಗುಲಾಬಿ ಹರಳು ಅವಳ ಬೆರಳಲ್ಲಿತ್ತು. ಊಟದ ಪಂಕ್ತಿಯಲ್ಲಿ ಕೂತಿದ್ದ ಪೃಥ್ವಿರಾಜರ ಎಲೆಗೆ ಅವನೇ ಬಂದು ಹೋಳಿಗೆ ಬಡಿಸಿದ, ಸಾಕೆಂದರೂ ಬಿಡದೆ.